ತಿಂಗಳಿಗೊಂದು ಕೋಣೆ

ಔಷಧಿ ಸೀಸೆಗಳ ಮೇಲೆ ಅಂಟಿಸುವ ಚೀಟಿಗಳನ್ನು ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ಅವಳು ಹದಿನಾರು ವರ್ಷಗಳಿಂದ ಕೆಲಸಕ್ಕಿದ್ದಳು. ಕಿಟಕಿಯ ಪಕ್ಕದ ಮೇಜು, ಮೇಜಿಗೆ ಬಿಗಿದ ದೀಪ, ಕೈಯಲ್ಲಿ ಕೆಂಪು ಪೆನ್ನು. ಎಷ್ಟು ಹನಿ ಕುಡಿಯಬೇಕು, ಯಾರು ಕುಡಿಯಬಾರದು, ಯಾವ ತಿಂಗಳೊಳಗೆ ಮುಗಿಸಬೇಕು ಎಂಬುದನ್ನೆಲ್ಲ ಸಾಸಿವೆ ಗಾತ್ರದ ಅಕ್ಷರಗಳಲ್ಲಿ ಓದಿ ತಪ್ಪಿದ್ದರೆ ತಿದ್ದುವುದು ಅವಳ ಕೆಲಸ. ಒಮ್ಮೆ ಮಕ್ಕಳ ಔಷಧಿಯೊಂದರ ಚೀಟಿಯಲ್ಲಿ ಹತ್ತು ಹನಿ ಇರಬೇಕಾದಲ್ಲಿ ನೂರು ಹನಿ ಎಂದು ಬಿದ್ದಿತ್ತು. ನಾಲ್ಕು ಜನರ ಕಣ್ಣು ದಾಟಿ ಬಂದ ಆ ಸೊನ್ನೆ ಇವಳ ಕಣ್ಣು ದಾಟಲಿಲ್ಲ. ಅಂದಿನಿಂದ ಪ್ರೆಸ್ಸಿನವರೆಲ್ಲ ಅವಳನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಅವಳಿಗೆ ಸಿಟ್ಟು ಬಂದ ದಿನ ಗನ್ನಡಿ ಬಿಟ್ಟು ಬರೀ ಭೂತ ಅನ್ನುತ್ತಿದ್ದರು. ಅದೂ ಅವಳಿಗೆ ಗೊತ್ತಿತ್ತು.

ಮನೆಯಲ್ಲಿ ಇದ್ದವರು ಮೂವರು: ಅವಳು, ಗಂಡ, ಅತ್ತೆ. ಗಂಡ ಬೇಕರಿಗಳಿಗೆ ಹಿಟ್ಟಿನ ಮೂಟೆ ಸಾಗಿಸುವ ವ್ಯಾನು ಓಡಿಸುತ್ತಿದ್ದ. ಮಾತು ಕಡಿಮೆ, ಕೆಲಸ ಹೆಚ್ಚು. ಒಂದು ವಾರ ಅವನು ಎರಡೆರಡು ಪಾಳಿ ಮಾಡಿದ. ಆ ವಾರದ ಕೊನೆಯ ಬೆಳಗ್ಗೆ, ಆಗಷ್ಟೇ ಬೆಳಕು ಹರಿಯುವಾಗ, ಸ್ಟಿಯರಿಂಗ್ ಮೇಲೆಯೇ ಅವನಿಗೆ ಜೊಂಪು ಹತ್ತಿತು. ಕಣ್ಣು ಬಿಡುವಷ್ಟರಲ್ಲಿ ಕೆಲಸಕ್ಕೆ ಹೊರಟಿದ್ದ ಒಬ್ಬ ಸೈಕಲ್ ಸವಾರ ರಸ್ತೆಯ ಪಕ್ಕದಲ್ಲಿ ಬಿದ್ದಿದ್ದ. ವ್ಯಾನು ನಿಲ್ಲಿಸಬೇಕಿತ್ತು. ಅವನು ನಿಲ್ಲಿಸಲಿಲ್ಲ. ಭಯ ಬಿದ್ದು ನೇರ ಮನೆಗೆ ಬಂದು, ಹಿಟ್ಟು ಮೆತ್ತಿದ ಕೈ ಸಹ ತೊಳೆಯದೆ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟ. ಪೊಲೀಸರು ಮಧ್ಯಾಹ್ನ ಬಂದರು. ಸೈಕಲ್ಲಿನವನು ಎರಡು ದಿನ ಬಿಟ್ಟು ತೀರಿಕೊಂಡ. ಆ ಹೊತ್ತಿಗೇ ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುತ್ತಿದ್ದನೇನೋ ಎಂದು ನ್ಯಾಯಾಧೀಶರು ಹೇಳಿದ ಮಾತು ಆ ಮನೆಯ ಮೂವರ ಎದೆಯಲ್ಲೂ ಮುಳ್ಳಿನಂತೆ ಉಳಿಯಿತು. ಐದು ವರ್ಷ ಶಿಕ್ಷೆಯಾಯಿತು.

ಅತ್ತೆ ಸೊಸೆಯೊಡನೆ ಮಾತು ಬಿಟ್ಟರು. ಬಿಡುವ ಮುಂಚೆ ಹೇಳಬೇಕಾದುದನ್ನು ನೆಂಟರಿಷ್ಟರ ಮುಂದೆಲ್ಲ ಹೇಳಿ ಮುಗಿಸಿದ್ದರು. ಬಟ್ಟೆ ಒಗೆಯುವ ಮಶೀನು ಬೇಕು ಅಂತ ಇವಳು ಜೀವ ತಿಂದಳು, ಅದಕ್ಕೆ ನನ್ನ ಮಗ ನಿದ್ದೆಗೆಟ್ಟು ದುಡಿಯೋಕೆ ಹೋದ ಎಂಬುದು ಅವರ ದೂರು. ಮಶೀನು ಬೇಕು ಎಂದು ಅವಳು ಒಮ್ಮೆ ಅಂದಿದ್ದುದು ನಿಜ. ಆದರೆ ಆ ವಾರದ ಎರಡು ಪಾಳಿ ಮಶೀನಿಗಲ್ಲ, ಅತ್ತೆಯ ಹಲ್ಲಿನ ಸೆಟ್ಟಿಗೆ. ಅವ್ವನಿಗೆ ಹೇಳಬೇಡ, ಬೇಡ ಅಂತಾಳೆ ಎಂದು ಗಂಡ ಅವಳಿಗೆ ಮಾತ್ರ ಹೇಳಿದ್ದ. ಮಗ ಜೈಲು ಸೇರಿದ ಮೇಲೆ, ಅದು ನಿಮ್ಮ ಹಲ್ಲಿಗಾಗಿ ಎಂದು ಹೆತ್ತವಳ ಮುಖಕ್ಕೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಲಿಲ್ಲವಲ್ಲ ಎಂಬ ಒಂದು ಸಣ್ಣ ಹೆಮ್ಮೆಯೂ ಅವಳಿಗಿತ್ತು. ಅದನ್ನು ಅವಳು ಯಾರಿಗೂ ಕೊಡದೆ ಒಳಗೇ ಇಟ್ಟುಕೊಂಡಿದ್ದಳು.

ಜೈಲು ಒಂಬತ್ತು ಗಂಟೆ ಬಸ್ಸಿನ ದಾರಿ. ತಿಂಗಳ ಎರಡನೇ ಶನಿವಾರ ಭೇಟಿ. ಬೆಳಗ್ಗೆ ಎಂಟೂವರೆಯೊಳಗೆ ಚೀಟಿ ಪಡೆಯಬೇಕು, ಗಾಜಿನ ಆಚೆ ಈಚೆ ಕೂತು ಅರ್ಧ ಗಂಟೆ ಮಾತು. ಅತ್ತೆ ಸೊಸೆ ಶುಕ್ರವಾರ ಸಂಜೆಯ ಬಸ್ಸು ಹತ್ತಿದರೆ ಕತ್ತಲಿರುವಾಗಲೇ ಆ ಊರು ಮುಟ್ಟುತ್ತಿದ್ದರು. ಬೆಳಗಾಗುವ ತನಕ ಬಸ್ ನಿಲ್ದಾಣದ ಕಬ್ಬಿಣದ ಬೆಂಚಿನಲ್ಲಿ, ನಡುವೆ ಒಂದು ಚೀಲ ಇಟ್ಟುಕೊಂಡು ಕೂರುತ್ತಿದ್ದರು. ಅತ್ತೆಗೆ ಎಪ್ಪತ್ತಮೂರು. ಕಾಲು ಬಾತು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ಐದನೇ ತಿಂಗಳು ಅವರು ಸಾಲಿನಲ್ಲೇ ಕಣ್ಣು ಕತ್ತಲೆ ಬಂದು ಬಿದ್ದರು. ನೀರು ಚಿಮುಕಿಸಿ ಎಬ್ಬಿಸಿ ಕೂರಿಸುವಷ್ಟರಲ್ಲಿ ಚೀಟಿ ಕೊಡುವ ಕಿಟಕಿ ಮುಚ್ಚಿತ್ತು. ಮಗನ ಮುಖ ನೋಡದೆ ಒಂಬತ್ತು ಗಂಟೆ ವಾಪಸ್ಸು ಬಂದರು. ದಾರಿಯುದ್ದಕ್ಕೂ ಅತ್ತೆ ಕಿಟಕಿಯ ಕಡೆ ತಿರುಗಿಯೇ ಇದ್ದರು. ಅಳುತ್ತಿದ್ದರೋ ಏನೋ, ಸೊಸೆ ಬಗ್ಗಿ ನೋಡಲಿಲ್ಲ.

ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳಿಯಬೇಕು, ಬೇರೆ ದಾರಿಯಿಲ್ಲ ಎಂದು ಅವಳು ಅಂದೇ ತೀರ್ಮಾನಿಸಿದಳು. ಆದರೆ ಜೈಲಿನ ಎದುರು ಬೀದಿಯ ಲಾಡ್ಜಿನವರಿಗೆ ಭೇಟಿಯ ಶನಿವಾರ ಯಾವುದೆಂದು ಇವರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಶುಕ್ರವಾರ ಬಂತೆಂದರೆ ಕೋಣೆಯ ಬಾಡಿಗೆ ದುಪ್ಪಟ್ಟು. ಒಬ್ಬಳ ಸಂಬಳದಲ್ಲಿ ಮನೆ ಬಾಡಿಗೆ, ಅತ್ತೆಯ ಮಾತ್ರೆ, ಬಸ್ಸಿನ ಟಿಕೇಟು ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ.

ದಾರಿ ತೋರಿಸಿದವನು ಪ್ರೆಸ್ಸಿನ ಬಿಲ್ಲಿನ ಗುಮಾಸ್ತ. ಬೂಟು ಕೊಂಡರೂ ಬಲ್ಬು ಕೊಂಡರೂ ನೂರಕ್ಕೆ ಇಷ್ಟು ಉಳಿಸಿದೆ ಎಂದು ಕೊಚ್ಚಿಕೊಳ್ಳುವ ಮನುಷ್ಯ. ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಅವಳು ಮಾತ್ರ ಒಂದು ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಅವನ ಎದುರು ಹೋಗಿ ಕೂತಳು. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹೋಟೆಲ್ ಕೋಣೆಯನ್ನು ನೇರ ಹೋಗಿ ಕಾದಿರಿಸುವವರು ದಡ್ಡರು ಎಂದ. ಕ್ಯಾಶ್‌ಬ್ಯಾಕ್ ಸೈಟುಗಳೆಂದು ಇರುತ್ತವೆ, ಅವುಗಳ ಬಾಗಿಲಿನಿಂದ ಒಳಹೊಕ್ಕು ಕೋಣೆ ಹಿಡಿದರೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ತಿರುಗಿ ಬರುತ್ತದೆ; ಜೊತೆಗೆ ಆ ಹೋಟೆಲ್ ಸೈಟಿನದೇ ಗಿಫ್ಟ್ ಕಾರ್ಡನ್ನು ರಿಯಾಯಿತಿಯಲ್ಲಿ ಮಾರುವವರಿದ್ದಾರೆ, ನೂರರ ಕಾರ್ಡು ತೊಂಬತ್ತೆರಡಕ್ಕೆ ಸಿಗುತ್ತದೆ, ಆ ಕಾರ್ಡಿನಿಂದ ಬಾಡಿಗೆ ಕಟ್ಟಿದರೆ ಅಲ್ಲೂ ಉಳಿತಾಯ ಎಂದು ಬಿಡಿಸಿ ಹೇಳಿದ.

ಅವಳು ನಂಬಲಿಲ್ಲ. ಸುಮ್ಮಸುಮ್ಮನೆ ಯಾರು ದುಡ್ಡು ಕೊಡುತ್ತಾರೆ ಎಂದು ಕೇಳಿದಳು. ಹೋಟೆಲಿನವರು ಗಿರಾಕಿ ತಂದವರಿಗೆ ದಲ್ಲಾಳಿ ದುಡ್ಡು ಕೊಡುತ್ತಾರೆ, ಆ ದುಡ್ಡಿನಲ್ಲಿ ಸೈಟಿನವರು ನಮಗೂ ಒಂದು ಚೂರು ಹಾಕುತ್ತಾರೆ ಎಂದು ಅವನು ಹೇಳಿದ ಮೇಲೆ ಸ್ವಲ್ಪ ಸಮಾಧಾನವಾಯಿತು. ಆದರೂ ಮೂರು ಸಂಜೆ ಕೂತು ಷರತ್ತುಗಳನ್ನು ಓದಿದಳು. ಜನ ಬೆರಳಿನಿಂದ ಸರ್ರನೆ ಜಾರಿಸಿಬಿಡುವ ಆ ಬೂದುಬಣ್ಣದ ಸಣ್ಣ ಅಕ್ಷರಗಳು ಅವಳಿಗೆ ದಿನನಿತ್ಯದ ಕಸುಬಲ್ಲವೇ. ಕಾರ್ಡಿಗೆ ಕೊನೆಯ ದಿನಾಂಕವಿರುತ್ತದೆ. ಕಾರ್ಡಿನಲ್ಲಿ ಕಟ್ಟಿದ ಕೋಣೆಯನ್ನು ರದ್ದು ಮಾಡಿದರೆ ನಗದು ಬರುವುದಿಲ್ಲ. ಕೆಲವು ಸೈಟುಗಳು ಗಿಫ್ಟ್ ಕಾರ್ಡಿನಲ್ಲಿ ಕಟ್ಟಿದವರಿಗೆ ಕ್ಯಾಶ್‌ಬ್ಯಾಕನ್ನೇ ಕೊಡುವುದಿಲ್ಲ, ಕೆಲವು ಕೊಡುತ್ತವೆ. ಹೋಗಿ ಉಳಿದು ಬಂದ ಮೇಲೂ ಎರಡು ಮೂರು ತಿಂಗಳು ಕಾಯಬೇಕು. ಇಷ್ಟೆಲ್ಲ ಓದಿಯೂ ಮೊದಲ ಸಲ ಎಡವಿದಳು. ಇನ್ನೂ ಒಂದಿಷ್ಟು ಇಳಿಯಲಿ ಎಂದು ಬೇರೆಲ್ಲೋ ಕಂಡ ಕೂಪನ್ ಕೋಡೊಂದನ್ನು ಹಾಕಿದ್ದರಿಂದ ಕ್ಯಾಶ್‌ಬ್ಯಾಕ್ ಕೈತಪ್ಪಿತು. ಹನ್ನೊಂದನೇ ಷರತ್ತಿನಲ್ಲಿ ಅದು ಬರೆದೇ ಇತ್ತು. ಗುಮಾಸ್ತ ನಗಲಿಲ್ಲ, ಅದು ಅವನ ದೊಡ್ಡತನ.

ಎರಡನೇ ಸಲದಿಂದ ಲೆಕ್ಕ ಸರಿಹೋಯಿತು. ಜೈಲಿನಿಂದ ಎರಡು ನಿಲ್ದಾಣ ಆಚೆ, ಟೈರ್ ಅಂಗಡಿಗಳ ಬೀದಿಯಲ್ಲಿ ಒಂದು ಮೂರು ಮಹಡಿಯ ಹೋಟೆಲು. ವಾರದ ನಡುವೆ ಕಂಪನಿಗಳ ಮಾರಾಟದವರು ತುಂಬಿರುತ್ತಿದ್ದರು, ಶುಕ್ರವಾರ ಅವರೆಲ್ಲ ಮನೆಗೆ ಹೋಗಿ ಕೋಣೆಗಳು ಖಾಲಿ. ಇಪ್ಪತ್ತು ದಿನ ಮುಂಚೆ ಹಿಡಿದರೆ ಬಾಡಿಗೆ ಮೊದಲೇ ಕಡಿಮೆ. ಅದರಲ್ಲೂ ನೂರಕ್ಕೆ ಕಾರ್ಡಿನಲ್ಲಿ ಎಂಟು, ಕ್ಯಾಶ್‌ಬ್ಯಾಕಿನಲ್ಲಿ ಒಂಬತ್ತು ಉಳಿಯುತ್ತಿತ್ತು. ವರ್ಷಕ್ಕೆ ಎರಡು ರಾತ್ರಿ ಪುಕ್ಕಟೆ ಬಿದ್ದ ಹಾಗೆ. ಶುಕ್ರವಾರದ ರಜೆಗೆ ಬದಲು ಒಂದು ಭಾನುವಾರ ಬಂದು ದುಡಿಯುತ್ತೇನೆಂದು ಪ್ರೆಸ್ಸಿನ ಯಜಮಾನರನ್ನು ಒಪ್ಪಿಸಿದಳು.

ಮೊದಲ ಸಲ ಆ ಕೋಣೆಯ ಬಾಗಿಲು ತೆಗೆದಾಗ ಅತ್ತೆ ಹೊಸ್ತಿಲಲ್ಲೇ ನಿಂತರು. ಬಿಳಿ ಹಾಸು ಹೊದಿಸಿದ ಒಂದೇ ಒಂದು ಅಗಲದ ಮಂಚ, ಗೋಡೆಗೆ ಟೀವಿ, ನೀರು ಕಾಯಿಸುವ ಪುಟ್ಟ ಕೆಟಲು, ಮಡಿಸಿಟ್ಟ ಎರಡು ಟವಲು. ಅತ್ತೆ ಒಳಗೆ ಬಂದು ಹಾಸಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿದರು, ಮೂಸಿ ನೋಡಿದರು. ಮಗ ಸಿಮೆಂಟಿನ ಮೇಲೆ ಮಲಗಿದ್ದಾನೆ, ನಮಗೆ ಮೆತ್ತನೆ ಹಾಸಿಗೆ ಎಂದು ಗೋಡೆಗೆ ಹೇಳಿದರು. ಸೊಸೆ ಕೆಟಲಿಗೆ ನೀರು ತುಂಬಿ, ಬಿಸಿನೀರಿನ ಬಕೆಟ್ಟು ತಂದು ಅವರ ಕಾಲ ಬುಡದಲ್ಲಿಟ್ಟಳು. ಅತ್ತೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು ಕೊನೆಗೆ ಬಾತ ಕಾಲನ್ನು ನೀರಿಗೆ ಇಳಿಸಿದರು. ಆಮೇಲೆ ಇಬ್ಬರೂ ಮಂಚದ ಎರಡು ಅಂಚಿಗೆ, ಇನ್ನೊಬ್ಬರು ಮಲಗುವಷ್ಟು ಜಾಗ ನಡುವೆ ಬಿಟ್ಟು ಮಲಗಿದರು. ಬೆಳಗ್ಗೆ ಅವಳು ಮುಖ ತೊಳೆದು ಬರುವಷ್ಟರಲ್ಲಿ ಅತ್ತೆ ಹಾಸಿನ ಸುಕ್ಕು ತೆಗೆದು, ದಿಂಬು ನಿಲ್ಲಿಸಿ, ಕೋಣೆಗೆ ಯಾರೂ ಬಂದೇ ಇಲ್ಲವೆಂಬಂತೆ ಮಾಡಿಟ್ಟಿದ್ದರು. ಗುಡಿಸುವವರು ಏನಂದುಕೊಂಡಾರು ಎಂಬುದು ಅವರ ಚಿಂತೆ.

ಹೀಗೆ ತಿಂಗಳಿಗೊಂದು ಕೋಣೆ ನಡೆಯಿತು. ಒಂದೇ ಕೋಣೆಯಲ್ಲಿ ಒಂದೇ ಕೆಟಲಿನ ಚಹಾ ಕುಡಿಯುವವರು ಎಷ್ಟು ದಿನ ಅಂತ ಬಾಯಿಗೆ ಬೀಗ ಹಾಕಿಕೊಂಡಿರಲು ಸಾಧ್ಯ? ಅತ್ತೆ ಮೊದಲು ಟೀವಿಯ ರಿಮೋಟ್ ಕೇಳಿದರು. ಆಮೇಲೆ ಈ ಸಲ ಎಷ್ಟಾಯಿತು ಎಂದು ಕೇಳಲು ಶುರು ಮಾಡಿದರು. ಅವಳು ಹೇಳಿದರೆ, ಹೋದ ಸಲಕ್ಕಿಂತ ಮೂರು ಜಾಸ್ತಿ ಆಯ್ತಲ್ಲ, ಯಾಕೆ ಎಂದು ತನಿಖೆ ಮಾಡುತ್ತಿದ್ದರು. ಜೈಲಿನ ಸಾಲಿನಲ್ಲಿ ನಿಂತಾಗ ಮುಂದಿನವರಿಗೂ ಹಿಂದಿನವರಿಗೂ ನಮ್ಮ ಸೊಸೆ ಕೋಣೆ ಹಿಡಿಯೋದರಲ್ಲಿ ಎತ್ತಿದ ಕೈ ಎಂದು ಹೇಳಿಕೊಳ್ಳುವುದು ಅವಳ ಕಿವಿಗೂ ಬಿತ್ತು. ನೇರ ಅವಳಿಗೆ ಮಾತ್ರ ಒಂದು ಒಳ್ಳೆಯ ಮಾತಿಲ್ಲ.

ಆ ಹೊಗಳಿಕೆಯಿಂದಲೇ ಸಾಲಿನ ಹೆಂಗಸರು ಅವಳ ಸುತ್ತ ಸೇರತೊಡಗಿದರು. ತಮ್ಮನನ್ನು ನೋಡಲು ಬರುವ ಬೇಕರಿಯವಳು, ಮಗನಿಗಾಗಿ ಬರುವ ನಿವೃತ್ತ ನರ್ಸು, ಇನ್ನೂ ನಾಲ್ಕಾರು ಜನ. ಅವಳು ಅವರ ಫೋನುಗಳಲ್ಲಿ ಖಾತೆ ತೆರೆದು, ಯಾವುದನ್ನು ಒತ್ತಬೇಕು, ಯಾವುದನ್ನು ಒತ್ತಬಾರದು ಎಂದು ಹೇಳಿಕೊಟ್ಟಳು. ದೊಡ್ಡ ಕಾರ್ಡು ಕೊಂಡಿಟ್ಟುಕೊಳ್ಳಬೇಡಿ, ಬೇಕಾದಷ್ಟಕ್ಕೇ ಕೊಳ್ಳಿ ಎಂದು ಎಚ್ಚರಿಸಿದಳು. ಹೊಸಬರನ್ನು ಸೇರಿಸಿದ್ದಕ್ಕೆ ಸೈಟಿನವರು ತನಗೂ ಸ್ವಲ್ಪ ಬಹುಮಾನ ಹಾಕುತ್ತಾರೆ ಎಂಬುದನ್ನು ಮುಚ್ಚಿಡದೆ ಹೇಳಿದಳು. ಬೇಕರಿಯವಳು, ಹಾಕಲಿ ಬಿಡಿ, ನಮ್ಮ ಜೇಬಿನಿಂದೇನೂ ಹೋಗಲ್ಲವಲ್ಲ ಎಂದಳು.

ಒಂದೂವರೆ ವರ್ಷ ಕಳೆದಿರಬೇಕು. ಒಂದು ಶನಿವಾರ ಬೆಳಗ್ಗೆ ಸಾಲಿಗೆ ಹೋದರೆ ಗೇಟಿನ ಮೇಲೆ ಕಾಗದ ಅಂಟಿಸಿತ್ತು. ಒಳಗೆ ಕೆಲವರಿಗೆ ಸೀತಾಳೆ ಸಿಡುಬು ಎದ್ದಿದೆ, ಭೇಟಿ ಇಲ್ಲ. ವಾಪಸ್ಸು ಬಸ್ಸಿನ ಟಿಕೇಟು ಸಂಜೆಗೆ. ಕೋಣೆಯನ್ನಾದರೂ ಸಂಜೆಯ ತನಕ ಬಿಡುತ್ತೀರಾ ಎಂದು ಅವಳು ಕೌಂಟರಿನವನನ್ನು ಕೇಳಿದಳು. ತಿಂಗಳು ತಿಂಗಳೂ ಬರುವವರೆಂದು ಅವನು ಹೆಚ್ಚಿಗೆ ಏನೂ ಕೇಳದೆ ಬೀಗದ ಕೈ ತಿರುಗಿ ಕೊಟ್ಟ.

ಅತ್ತೆ ತಾವೇ ಸರಿಮಾಡಿಟ್ಟ ಹಾಸಿನ ಮೇಲೆ ಕೂತರು. ಮಾಡಲು ಕೆಲಸವಿಲ್ಲ, ನೋಡಲು ಮಗನಿಲ್ಲ. ಕಿಟಕಿಯ ಬಿಸಿಲು ನೆಲದ ಮೇಲೆ ಸರಿಯುತ್ತಿತ್ತು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು. ಅತ್ತೆ ಬಾಯಿಂದ ಹಲ್ಲಿನ ಸೆಟ್ಟು ತೆಗೆದು ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡರು. ದಂತವೈದ್ಯರ ಬಳಿ ಮಗ ಕಟ್ಟಿ ಬಂದಿದ್ದ ಮುಂಗಡ ದಂಡವಾಗಬಾರದೆಂದು ಸೊಸೆಯೇ ಅವನ ಹೆಸರೆತ್ತದೆ ಉಳಿದದ್ದನ್ನು ಕಂತಿನಲ್ಲಿ ತೀರಿಸಿ, ಅಳತೆ ಕೊಡಿಸಿ ಮಾಡಿಸಿದ ಸೆಟ್ಟು ಅದು. ಬೊಚ್ಚು ಬಾಯಲ್ಲೇ, ಅವಳ ಕಡೆ ನೋಡದೆ ಹೇಳಿದರು:

"ಅವನು ಎರಡು ಪಾಳಿ ಮಾಡಿದ್ದು ಇದಕ್ಕೆ ಅಂತ ನಂಗೆ ಗೊತ್ತಿತ್ತು."

ಅವಳು ಚೀಲದ ಜಿಪ್ಪು ಎಳೆಯುತ್ತಿದ್ದವಳು ಹಾಗೇ ನಿಂತಳು. ಯಾವಾಗಿಂದ ಎಂದು ಕೇಳಿದಳು.

"ಮೊದಲಿಂದಾನೂ. ಆ ಹಲ್ಲಿನ ಡಾಕ್ಟರ ಮನೆಯವರೇ ಹೇಳಿದ್ರು. ಹೊರಗಿನವರ ಹತ್ರ ನಿನ್ನ ಮೇಲೆ ಹಾಕಿಬಿಟ್ರೆ ನಂಗೆ ನಿದ್ದೆ ಬರ್ತಿತ್ತು. ನೀನೂ ಸುಮ್ನಿದ್ದೆ. ಸುಮ್ನಿದ್ದಾಳಲ್ಲ ಅಂತ ನಂಗೆ ಇನ್ನೂ ಸಿಟ್ಟು ಬರ್ತಿತ್ತು."

ಅವಳು ಎರಡು ವರ್ಷ ಅತ್ತೆಯಿಂದ ಬಚ್ಚಿಟ್ಟು ಕಾಪಾಡಿದ ಗುಟ್ಟು ಅತ್ತೆಯ ಕೈಯಲ್ಲೇ ಇತ್ತು. ನೆಂಟರ ಮನೆಯ ಬಾಗಿಲುಗಳು ಒಂದೊಂದಾಗಿ ಮುಚ್ಚಿದ್ದು, ನಾದಿನಿ ಮಗಳ ಮದುವೆಗೆ ಅವಳೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕರೆದದ್ದು, ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂತು. ಅವಳು ಕೋಣೆಯ ಬಾಗಿಲೆಳೆದುಕೊಂಡು ಕೆಳಗಿಳಿದಳು. ಟೈರ್ ಅಂಗಡಿಗಳ ಬೀದಿಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳು. ಆ ಮುದುಕಿಯನ್ನು ಇಲ್ಲೇ ಬಿಟ್ಟು ಬಸ್ಸು ಹತ್ತಿಬಿಡಲೇ ಎಂದು ಒಂದು ಕ್ಷಣ ನಿಜವಾಗಿಯೂ ಅನಿಸಿತು. ಆಮೇಲೆ ಒಂದು ಅಂಗಡಿಯಲ್ಲಿ ಬ್ರೆಡ್ಡು, ಎರಡು ಬೇಯಿಸಿದ ಮೊಟ್ಟೆ ಕಟ್ಟಿಸಿಕೊಂಡು ಬಂದಳು. ಅತ್ತೆಗೆ ಬ್ರೆಡ್ಡನ್ನು ಚಹಾದಲ್ಲಿ ನೆನೆಸಿ ಕೊಟ್ಟಳು. ಇಬ್ಬರೂ ತಿಂದರು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಅತ್ತೆಯೂ ಕೇಳಲಿಲ್ಲ.

ಮುಂದಿನ ತಿಂಗಳ ಕೋಣೆ ಹಿಡಿಯಲು ಫೋನು ತೆರೆದಾಗ ಅವಳ ಬೆರಳು ತಡೆಯಿತು. ಎರಡು ಬೇರೆ ಬೇರೆ ಮಂಚವಿರುವ ಕೋಣೆಗೆ ಬಾಡಿಗೆ ಸ್ವಲ್ಪ ಹೆಚ್ಚು. ಕ್ಯಾಶ್‌ಬ್ಯಾಕಿನಲ್ಲಿ ಕೂಡಿದ್ದರಿಂದ ಅದನ್ನು ತುಂಬಿಸಬಹುದಿತ್ತು. ಅದನ್ನೇ ಹಿಡಿದಳು. ಬಾಗಿಲು ತೆರೆದು ಎರಡು ಮಂಚ ನೋಡಿದ ಅತ್ತೆ ಗೋಡೆ ಕಡೆಯ ಮಂಚಕ್ಕೆ ಹೋಗಿ ತಮ್ಮ ಶಾಲು ಇಟ್ಟರು. ಆ ರಾತ್ರಿ ಟೀವಿ ಹಾಕಲಿಲ್ಲ, ಎಷ್ಟಾಯಿತೆಂದು ಕೇಳಲಿಲ್ಲ. ಹಾಗೇ ನಾಲ್ಕು ತಿಂಗಳು ಹೋಯಿತು. ಆ ನಾಲ್ಕು ತಿಂಗಳಲ್ಲಿ ಅತ್ತೆ ಸುಮ್ಮನೆ ಕೂತಿರಲಿಲ್ಲವೆಂಬುದು ಅವಳಿಗೆ ಆಮೇಲೆ ತಿಳಿಯಿತು. ನಾದಿನಿ ಒಂದು ಭಾನುವಾರ ಮನೆಗೆ ಬಂದು, ಅವ್ವ ಎಲ್ಲರ ಮನೆಗೂ ಫೋನು ಮಾಡಿ ನಿಜ ಹೇಳಿದಳು ಅತ್ತಿಗೆ, ನಿಮ್ಮನ್ನು ಕರೆಯದೆ ಇದ್ದದ್ದು ತಪ್ಪಾಯ್ತು ಎಂದು ತಲೆ ತಗ್ಗಿಸಿ ಕೂತಳು. ಅತ್ತೆ ಅಷ್ಟು ಹೊತ್ತೂ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಒಳಗೆ ಬರಲೇ ಇಲ್ಲ.

ಅದಾದ ಮುಂದಿನ ಪ್ರಯಾಣಕ್ಕೆ ಕೋಣೆ ಹಿಡಿಯುವ ಸಂಜೆ ಅತ್ತೆ ಅವಳ ಬಳಿ ಬಂದು ಕೂತು ಫೋನಿನೊಳಗೆ ಇಣುಕಿದರು.

"ಒಂದೇ ಮಂಚದ್ದು ಅಗ್ಗ ಅಲ್ವಾ?"

"ಹೌದತ್ತೆ, ಅಗ್ಗ."

"ಮತ್ತೆ ಸುಮ್ನೆ ಯಾಕೆ ದಂಡ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಮಾತ್ರ ಷರತ್ತು ಓದುವವರಂತೆ ಫೋನನ್ನೇ ದಿಟ್ಟಿಸುತ್ತಿದ್ದರು. ಅವಳು ಒಂದು ಮಂಚದ ಕೋಣೆಯನ್ನೇ ಒತ್ತಿದಳು.

ನಡತೆ ಚೆನ್ನಾಗಿತ್ತೆಂದು ಗಂಡನನ್ನು ಮೂರು ವರ್ಷ ಎಂಟು ತಿಂಗಳಿಗೆ ಬಿಟ್ಟರು. ಬಂದವನು ಮತ್ತೆ ಸ್ಟಿಯರಿಂಗ್ ಮುಟ್ಟಲಿಲ್ಲ. ಅದೇ ಹಿಟ್ಟಿನ ಗೋದಾಮಿನಲ್ಲಿ ಮೂಟೆ ಎಣಿಸುವ ಕೆಲಸ ಹಿಡಿದ. ಸೈಕಲ್ಲಿನವನ ಮನೆಗೆ ಒಮ್ಮೆ ಹೋದ. ಅವರು ಬಾಗಿಲು ತೆಗೆಯಲಿಲ್ಲ. ತೆಗೆಯಬೇಕೆಂದು ತಾನೂ ಅಂದುಕೊಂಡಿರಲಿಲ್ಲ, ಹೋಗದೆ ಇರಲಾಗಲಿಲ್ಲ ಎಂದು ಹೆಂಡತಿಗೆ ಹೇಳಿದ. ಅವನ ಮಾತು ಮೊದಲಿಗಿಂತ ಇನ್ನೂ ಕಡಿಮೆಯಾಗಿತ್ತು.

ಅವನು ಬಂದು ಎರಡು ತಿಂಗಳಾಗಿದ್ದಾಗ, ಒಂದು ಸಂಜೆ ಅತ್ತೆ ಫೋನಿನಲ್ಲಿ ಯಾರಿಗೋ ಜೋರಾಗಿ ವಿವರಿಸುತ್ತಿದ್ದರು. ನಿವೃತ್ತ ನರ್ಸು ಕಳಿಸಿದ ಹೊಸಬಳಂತೆ, ಗಂಡ ಆಗತಾನೆ ಒಳಗೆ ಹೋಗಿದ್ದಾನಂತೆ. ಇಂಥ ಕರೆಗಳು ಮನೆಯ ಫೋನಿಗೆ ಆಗಾಗ ಬರುತ್ತಿದ್ದವು, ಸೊಸೆ ಪ್ರೆಸ್ಸಿನಲ್ಲಿದ್ದರೆ ಅತ್ತೆಯೇ ಎತ್ತಿಕೊಳ್ಳುತ್ತಿದ್ದರು. ಬೇರೆ ಕಡೆಯ ಕೂಪನ್ ಕೋಡ್ ಹಾಕೀಯ ಜೋಕೆ, ಕ್ಯಾಶ್‌ಬ್ಯಾಕ್ ಹೋಗಿಬಿಡುತ್ತೆ, ಕಿಟಕಿ ಬೀದಿ ಕಡೆ ಇರೋ ಕೋಣೆ ಕೇಳು, ಬಿಸಿನೀರು ಆರು ಗಂಟೆಗೇ ಬರುತ್ತೆ ಎಂದೆಲ್ಲ ಹೇಳಿ ಫೋನಿಟ್ಟರು.

ಗಂಡ ತಟ್ಟೆಯ ಮುಂದೆ ಕೂತವನು ಕೈ ಆಡಿಸದೆ ಕೇಳುತ್ತಿದ್ದ. ಆ ಗಾಜಿನ ಆಚೆ ಕೂತಾಗಲೆಲ್ಲ, ಇವರು ರಾತ್ರಿಯಿಡೀ ಬಸ್ ನಿಲ್ದಾಣದಲ್ಲಿ ಕೂತು ಬಂದಿದ್ದಾರೆ ಎಂದೇ ಅಂದುಕೊಂಡು ಅವರ ಮುಖ ನೋಡಲು ಅವನಿಗೆ ಕಷ್ಟವಾಗುತ್ತಿತ್ತಂತೆ. ಅರ್ಧ ಗಂಟೆಯಲ್ಲಿ ಕೋಣೆಯ ಸುದ್ದಿ ಯಾರೂ ಎತ್ತಿರಲಿಲ್ಲ.

"ಹೇಗಿತ್ತು ಆ ಕೋಣೆ?" ಎಂದು ಕೇಳಿದ.

ಪರದೆ ಹಸಿರು ಎಂದು ಅತ್ತೆ ಹೇಳಿದರು. ನೀಲಿ ಎಂದು ಅವಳು ಹೇಳಿದಳು. ಟೀವಿ ಮಂಚದ ಎದುರಿಗೆ ಎಂದು ಒಬ್ಬರು, ಪಕ್ಕಕ್ಕೆ ಎಂದು ಇನ್ನೊಬ್ಬರು. ನೀನು ಬಿದ್ದ ತಕ್ಷಣ ಗೊರಕೆ ಹೊಡೀತಿದ್ದೆ, ನೀನೇನು ನೋಡಿದ್ದೀ ಎಂದು ಅತ್ತೆ ರೇಗಿದರು. ಗೊರಕೆ ಹೊಡೆದವರು ಯಾರು ಎಂದು ಅವಳೂ ಬಿಡಲಿಲ್ಲ. ಅವನು ಒಂದು ತುತ್ತು ಬಾಯಿಗಿಟ್ಟು, ಅವ್ವನ ಮುಖ ಒಮ್ಮೆ, ಹೆಂಡತಿಯ ಮುಖ ಒಮ್ಮೆ ನೋಡುತ್ತ, ಕೆಟಲು ಎಲ್ಲಿತ್ತು ಎಂದು ಕೇಳಿದ.